ಮೈ ಮೇಲೆ ಗೀರಿಲ್ಲ, ಆದರೂ ಪೆಟ್ಟು ಬಿದ್ದಿದೆ

ಕೇಳುಗರಿಗೆ ನಮಸ್ಕಾರ.

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರ ಹುಡುಗ ಹೋದ ಮಳೆಗಾಲದಲ್ಲಿ ನನ್ನ ಕಚೇರಿಗೆ ಬಂದಿದ್ದ. ಹಸಿ ಗುಜರಿ ಕುಲುಮೆಗೆ ಬಿದ್ದು, ಕರಗಿದ ಕಬ್ಬಿಣ ಸಿಡಿದು, ಪಕ್ಕದಲ್ಲಿದ್ದವನ ಮೈ ಸುಟ್ಟಿತ್ತು. ಇವನಿಗೆ ಒಂದು ಗೀರೂ ಆಗಿರಲಿಲ್ಲ. "ವಕೀಲ್ರ, ನನಗೇನೂ ಆಗಿಲ್ರೀ. ಆದ್ರ ಕುಲುಮಿ ಮುಂದ ನಿಲ್ಲಾಕ ಆಗವಲ್ದು" ಅಂದ. ಅಷ್ಟರಲ್ಲಿ ಹೊರಗೆ ಚಹಾದ ಕಿಟ್ಲಿ ಠಣ್ ಅಂತ ಬಿತ್ತು. ಇವನು ಕುರ್ಚಿ ಬಿಟ್ಟೆದ್ದು ಗೋಡೆಗೆ ಆತು ನಿಂತುಬಿಟ್ಟ. ಕೈ ನಡುಗುತ್ತಿತ್ತು.

ಪೆಟ್ಟು ಬಿದ್ದದ್ದು ಮನಸ್ಸಿಗೆ. "ನನಗೇನೂ ಆಗಿಲ್ಲ" ಅನ್ನುವ ಈ ಮಾತೇ ನಮ್ಮ ದುಡಿಯುವ ಜನಕ್ಕೆ ಜಾಸ್ತಿ ನಷ್ಟ ಮಾಡಿದೆ.

ಕೆಲಸದ ವೇಳೆ, ಕೆಲಸದಿಂದಾಗಿ ಅಪಘಾತವಾಗಿ ಗಾಯವಾದರೆ ಮಾಲೀಕರು ಪರಿಹಾರ ಕೊಡಬೇಕು. 1923ರ ಕಾಯ್ದೆಯಲ್ಲಿ ಬಂದ ಈ ನಿಯಮ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ. ಅದರ ಪಟ್ಟಿಯ ಪ್ರಕಾರ ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ 30 ಭಾಗ ಹೋದಂತೆ. ನಿದ್ದೆ ಹೋದರೆ ಎಷ್ಟು? ಪಟ್ಟಿಯಲ್ಲಿಲ್ಲ. ಹಾಗಂತ ದಾರಿ ಮುಚ್ಚಿಲ್ಲ. ಪಟ್ಟಿಯಲ್ಲಿಲ್ಲದ ಗಾಯದಿಂದ ದುಡಿಮೆ ಎಷ್ಟು ಕುಂದಿತು ಅಂತ ಅರ್ಹ ವೈದ್ಯರು ಅಳೆದು ಹೇಳಬಹುದು. ಇಂಥ ಕೇಸು ಸುಲಭ ಅಂತ ನಾನು ಹೇಳಲಾರೆ. ಅದು ನಿಲ್ಲುವುದೂ ಬೀಳುವುದೂ ಡಾಕ್ಟರ ಚೀಟಿಯ ಮೇಲೆ.

ಅದಕ್ಕೇ ತಡ ಮಾಡಬೇಡಿ. ಬೇಗ ಮನೋವೈದ್ಯರಿಗೆ ತೋರಿಸಿ. ಎಂದು, ಎಲ್ಲಿ, ಏನಾಯಿತು ಅನ್ನುವುದನ್ನು ಚೀಟಿಯಲ್ಲೇ ಬರೆಸಿ. ಸುಮ್ನೆ "ನಿದ್ದೆ ಬರಲ್ಲ" ಅಂದರೆ ಸಾಲದು. ಮಾಲೀಕರಿಗೆ ಬರಹದಲ್ಲಿ ತಿಳಿಸಿ, ನಕಲು ಇಟ್ಟುಕೊಳ್ಳಿ. ಪರಿಹಾರದ ಅರ್ಜಿ ಹಾಕಲು ಅಪಘಾತದ ದಿನದಿಂದ 2 ವರ್ಷ ಗಡುವಿದೆ. ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇದ್ದವರು ಇಎಸ್‌ಐ ಮೂಲಕವೇ ಕೇಳಬೇಕು. "ಪರಿಹಾರ ಬೇಡ" ಅಂತ ಯಾರಾದರೂ ಸಹಿ ಹಾಕಿಸಿಕೊಂಡಿದ್ದರೆ ಎದೆಗುಂದಬೇಡಿ, ಹಕ್ಕು ಬಿಟ್ಟುಕೊಟ್ಟ ಅಂಥ ಒಪ್ಪಂದ ಕಾನೂನಿನಲ್ಲಿ ನಿಲ್ಲುವುದಿಲ್ಲ.

ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಎಷ್ಟೋ ಜನ ಮನೆಯಲ್ಲೇ ಕೂರುತ್ತಾರೆ, ಅಲ್ವಾ? ಕೈಗಾರಿಕಾ ಕಾರ್ಮಿಕರಿಗೆ ಉಚಿತ ಕಾನೂನು ನೆರವು 1987ರ ಕಾಯ್ದೆಯೇ ಕೊಟ್ಟ ಹಕ್ಕು. 15100ಕ್ಕೆ ಫೋನ್ ಮಾಡಿ, ಇಲ್ಲವೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ರಾತ್ರಿ ಎದೆ ಡವಗುಟ್ಟಿದರೆ 14416, ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಆ ಹುಡುಗ ಈಗ ಕುಲುಮೆ ಬಿಟ್ಟು ಪ್ಯಾಕಿಂಗ್‌ನಲ್ಲಿದ್ದಾನೆ. ಔಷಧಿ ನಡೆದಿದೆ, ಕೇಸೂ ನಡೆದಿದೆ. ಮೊನ್ನೆ ಬಂದವನು ಚಹಾ ಪೂರ್ತಿ ಕುಡಿದು ಹೋದ.

ನಮಸ್ಕಾರ.