ಮಂಡಿ ಮಾತು, ಕಚೇರಿ ಮಾತು

ಕೇಳುಗರೆಲ್ಲರಿಗೂ ನಮಸ್ಕಾರ ರೀ. ಮೆಕ್ಕೆಜೋಳದ ಸೀಸನ್‌ನಾಗೆ ದಾವಣಗೆರೆ ಎಪಿಎಂಸಿಲಿ ಸ್ವಲ್ಪ ಹೊತ್ತು ಸುಮ್ನೆ ನಿಂತ್ಕೊಂಡು ಕೇಳ್ರಿ. ದಲಾಲಿ ಅಂಗಡಿ ಗುಮಾಸ್ತ ರಾಶಿಗೆ ಕೈ ಹಾಕಿ, ಒಂದು ಕಾಳು ಹಲ್ಲಲ್ಲಿ ಕಡಿದು ನೋಡಿ, "ಗೌಡ್ರೇ, ಇನ್ನೂ ಹಸಿ ಐತಲ್ರೀ, ಎರಡ್ ದಿನ ಒಣಗ್ಸಿದ್ರೆ ರೇಟ್ ಚಲೋ ಸಿಗ್ತಿತ್ತು" ಅಂತಾನೆ, ಅಷ್ಟೊತ್ತಿಗೆ ಫೋನ್ ಬಂದ್ರೆ ಹೊರಗಿನ ಖರೀದಿದಾರರ ಹತ್ರ ಹಿಂದೀಲಿ ಮಾಯಿಶ್ಚರ್ 16 ಅಂತಾನೆ, ಆಮೇಲೆ ಬರೆಯೋ ಪಟ್ಟಿಲಿ ನಿವ್ವಳ ತೂಕ, ಹಮಾಲಿ ಅಂತ ಬೇರೇನೇ ಕನ್ನಡ. ಯಾರೂ ಕೂರಿಸ್ಕೊಂಡು ಕಲಿಸಿದ್ದಲ್ಲ ಇದು, ಎದುರಿಗೆ ಯಾರಿದಾರೆ, ಏನ್ ಕೆಲ್ಸ ಆಗ್ಬೇಕು ಅನ್ನೋದರ ಮೇಲೆ ನಾಲಿಗೆ ತಾನೇ ಹೊರಳುತ್ತೆ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಬಂಡೆ ಮೇಲೆ ಅಶೋಕನ ಶಾಸನ ಐತಲ್ಲ, ಕ್ರಿ.ಪೂ. 3ನೇ ಶತಮಾನದ್ದು, ಅದೂ ಹಿಂಗೇ. ಸುವರ್ಣಗಿರಿಯಿಂದ ಆರ್ಯಪುತ್ರ ಅಂದ್ರೆ ರಾಜಕುಮಾರ, ಮಹಾಮಾತ್ರರು ಅಂದ್ರೆ ದೊಡ್ಡ ಅಧಿಕಾರಿಗಳು ಹೇಳಿದಂತೆ ಇಸಿಲ ಅನ್ನೋ ಊರಿನ ಮಹಾಮಾತ್ರರ ಆರೋಗ್ಯ ವಿಚಾರಿಸಬೇಕು ಅಂತ ಶುರುವಾಗುತ್ತೆ. ಯಾರಿಂದ, ಯಾರಿಗೆ, ಕುಶಲ, ಆಮೇಲೆ ವಿಷಯ! ಜನಕ್ಕೆ ಮುಟ್ಟಬೇಕಾದ ಮಾತು ಬಂದಾಗ ಮಾತ್ರ ಚಿಕ್ಕ ಚಿಕ್ಕದು, ತಂದೆತಾಯಿ ಸೇವೆ ಮಾಡಬೇಕು, ಸತ್ಯ ಹೇಳಬೇಕು. ಇಡೀ ಶಾಸನ ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ, ಆದ್ರೆ ಬರೆದ ಚಪಡ ಕೊನೇಲಿ ತನ್ನ ಲಿಪಿಕಾರ ಅನ್ನೋ ಪದವಿ ಮಾತ್ರ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಲಿ ಕೆತ್ತಿದಾನೆ. ನಂಗೆ ಅದನ್ನ ನೆನೆಸ್ಕೊಂಡ್ರೆ ಈಗಲೂ ಆಶ್ಚರ್ಯ.

1963ರ ಕಾನೂನಿಂದ ಕನ್ನಡ ರಾಜ್ಯದ ಆಡಳಿತ ಭಾಷೆ ಆಯ್ತು, ಸಂತೋಷ. ಪೌತಿ ಖಾತೆ, ಅಂದ್ರೆ ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಮಾಡಿಸೋ ಅರ್ಜಿಲಿ "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಅಂತ ಬಿಗಿಯಾಗಿ ಬರೆಯೋದು ತಪ್ಪು ಅಂತ ನಾನ್ ಹೇಳಲ್ಲ, ಸರ್ವೆ ನಂಬರು, ಚಕ್ಕುಬಂದಿ ಅಂದ್ರೆ ಜಮೀನಿನ ನಾಲ್ಕೂ ಕಡೆ ಗಡಿ, ಒಂದು ಅಕ್ಷರ ಅತ್ತಿತ್ತ ಆದ್ರೂ ಮುಂದೆ ಅಣ್ಣತಮ್ಮಂದಿರು ಕೋರ್ಟಿಗೆ ಅಲೀಬೇಕಾಗುತ್ತೆ. ಆದ್ರೆ ರೈತನ ಕೈಗೆ ಕೊಡೋ ನೋಟಿಸಲ್ಲಿ "ಆಕ್ಷೇಪಣೆಗಳಿದ್ದಲ್ಲಿ ನಿಗದಿತ ಅವಧಿಯೊಳಗೆ ಲಿಖಿತ ರೂಪದಲ್ಲಿ ಸಲ್ಲಿಸತಕ್ಕದ್ದು" ಅಂತ ಬರೆದ್ರೆ ಅದನ್ನ ಓದಿಸೋಕೆ ಅವರು ಇನ್ನೊಬ್ಬರ ಮನೆ ಬಾಗಿಲಿಗೆ ಹೋಗ್ಬೇಕು, ಅಷ್ಟರಲ್ಲಿ ಗಡುವೇ ಮುಗಿದಿರುತ್ತೆ. ಕೆಳಗೆ ಒಂದೇ ಸಾಲು, ತಕರಾರಿದ್ರೆ ಇಂಥ ತಾರೀಖಿನೊಳಗೆ ಬರೆದು ಕೊಡಿ ಅಂತ ಹಾಕಿದ್ರೆ ಸಾಕಲ್ಲ? ಕಾನೂನಿಗೂ ಧಕ್ಕೆ ಇಲ್ಲ.

ತಾಲ್ಲೂಕು ಕಚೇರಿ ಮುಂದೆ ಅರ್ಜಿ ಬರೆದು ಕೊಡೋ ಅಣ್ಣಂದಿರಿಗೂ ಒಂದು ಮಾತು. ಅರ್ಜಿ ನಿಮ್ಮ ಕಚೇರಿ ಭಾಷೇಲೇ ಇರ್ಲಿ, ಆದ್ರೆ ಹೆಬ್ಬೆಟ್ಟು ಒತ್ತಿಸೋಕೆ ಮುಂಚೆ ಅದರಾಗೆ ಏನೈತೆ ಅಂತ ಆ ಅಜ್ಜಂಗೆ ಅವರ ಮಾತಲ್ಲೇ ಒಂದ್ಸಲ ಬಿಡಿಸಿ ಹೇಳ್ರಿ.