ಒಡೆತನ ನಿಮ್ಮದೇ, ಪರವಾನಗಿ ಯಾರಿಗೆ?

ಕೇಳುಗರಿಗೆ ನಮಸ್ಕಾರ.

ನಾವು ತೆಗೆದ ಫೋಟೊ, ಬರೆದ ಕವಿತೆ, ಹಾಡಿದ ಹಾಡು ಸಾಮಾಜಿಕ ಜಾಲತಾಣ ಸೇರಿದ ಮೇಲೆ ಅದು ಯಾರ ಸ್ವತ್ತು ಎಂದು ನನ್ನನ್ನು ಕೇಳುವವರು ಬಹಳ ಮಂದಿ. ಅದು ನಿಮ್ಮದೇ ಸ್ವತ್ತು. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್, ಹಿಂದೆ ಟ್ವಿಟರ್ ಎನಿಸಿದ್ದ ಎಕ್ಸ್ ಇವೆಲ್ಲವುಗಳ ಬಳಕೆಯ ಷರತ್ತುಗಳಲ್ಲಿಯೂ ಈ ಮಾತು ಸ್ಪಷ್ಟವಾಗಿದೆ. ಇಷ್ಟನ್ನು ಓದಿ ಸಮಾಧಾನಗೊಂಡು ಪುಟ ಮುಚ್ಚುವವರೇ ಹೆಚ್ಚು, ನನ್ನ ತಕರಾರು ಇರುವುದೂ ಅಲ್ಲಿಯೇ. ದಯವಿಟ್ಟು ಮುಂದಿನ ವಾಕ್ಯವನ್ನು ಓದಿ. ಒಡೆತನ ನಿಮ್ಮದೆಂದು ಹೇಳಿದ ಬೆನ್ನಿಗೇ, ನೀವು ಕಂಪನಿಗೆ ಕೊಡುತ್ತಿರುವ ಪರವಾನಗಿಯ ಮಾತು ಅಲ್ಲಿ ಆರಂಭವಾಗುತ್ತದೆ.

ಆ ಪರವಾನಗಿ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಬಗೆಯದು. ಅದು ಜಗತ್ತಿನಾದ್ಯಂತ ಅನ್ವಯಿಸುತ್ತದೆ. ಅದಕ್ಕಾಗಿ ಕಂಪನಿ ನಿಮಗೆ ರಾಯಧನ ಕೊಡಬೇಕಿಲ್ಲ. ನಿಮ್ಮ ಕೃತಿಯನ್ನು ನಕಲು ಮಾಡಲು, ಪ್ರದರ್ಶಿಸಲು, ಹಂಚಲು, ಮಾರ್ಪಡಿಸಲು ಅದಕ್ಕೆ ಅನುಮತಿ ಸಿಗುತ್ತದೆ. ಆ ಅನುಮತಿಯನ್ನು ಕಂಪನಿಯು ಬೇರೆಯವರಿಗೂ ದಾಟಿಸಬಹುದು. ಇವುಗಳಲ್ಲಿ ಬಹಳಷ್ಟು ಅನಿವಾರ್ಯವೇ ಸರಿ. ಫೋಟೊವನ್ನು ಮೊಬೈಲ್ ಪರದೆಗೆ ತಕ್ಕಂತೆ ಕಿರಿದು ಮಾಡುವುದೂ ಮಾರ್ಪಾಡೇ, ಇನ್ನೊಂದು ಸರ್ವರ್‌ನಲ್ಲಿ ಇಡುವುದೂ ನಕಲೇ. ಆದರೆ ಬೇರೆಯವರಿಗೆ ದಾಟಿಸುವ ಮಾತನ್ನು ಮಾತ್ರ ಎರಡು ಸಲ ಓದಿ. ಮನೆಯನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟು, ಬೇಕಾದವರಿಗೆ ಒಳಬಾಡಿಗೆಗೂ ಕೊಡಬಹುದೆಂದು ಬರೆದುಕೊಟ್ಟ ಮಾಲೀಕನ ಸ್ಥಿತಿ ಅದು.

ಈ ವಿಷಯ ಬಂದಾಗಲೆಲ್ಲ ನಾನು ಡೇನಿಯಲ್ ಮೊರೆಲ್ ಅವರ ಪ್ರಕರಣವನ್ನು ಹೇಳುತ್ತೇನೆ, ಏಕೆಂದರೆ ಇಡೀ ಸಮಸ್ಯೆ ಅದರಲ್ಲಿದೆ. ಮೊರೆಲ್ ಹೈಟಿ ದೇಶದವರು, ವೃತ್ತಿಯಿಂದ ಛಾಯಾಗ್ರಾಹಕರು. 2010ರ ಜನವರಿ 12ರಂದು ಭೂಕಂಪವಾದಾಗ ಅವರು ರಾಜಧಾನಿಯಲ್ಲೇ ಇದ್ದರು. ಅವಶೇಷಗಳ ನಡುವಿನಿಂದ, ಮೈಯೆಲ್ಲ ಬಿಳಿ ಧೂಳು ಮೆತ್ತಿದ ಮಹಿಳೆಯೊಬ್ಬರು ಹೊರಗೆ ನೋಡುತ್ತಿರುವ ಚಿತ್ರ ಅಂದು ಅವರು ತೆಗೆದವುಗಳಲ್ಲಿ ಒಂದು. ಟ್ವಿಟರ್‌ಗೆ ಹೊಂದಿಕೊಂಡಿದ್ದ ಟ್ವಿಟ್‌ಪಿಕ್ ಎಂಬ ತಾಣದ ಮೂಲಕ ಅವರು ಚಿತ್ರಗಳನ್ನು ಹಾಕಿದರು. ಸ್ವಲ್ಪ ಹೊತ್ತಿನಲ್ಲೇ ಬೇರೊಬ್ಬ ಅವನ್ನು ತನ್ನ ಖಾತೆಗೆ ಇಳಿಸಿಕೊಂಡು ತನ್ನದೇ ಎಂಬಂತೆ ಹಾಕಿದ. ಫ್ರಾನ್ಸಿನ ಸುದ್ದಿಸಂಸ್ಥೆ ಎಎಫ್‌ಪಿ ಆ ಚಿತ್ರಗಳನ್ನು ನಕಲು ಮಾಡಿದವನ ಹೆಸರಿನಲ್ಲೇ ಎತ್ತಿಕೊಂಡಿತು, ಅಲ್ಲಿಂದ ಚಿತ್ರಗಳನ್ನು ಮಾರುವ ಗೆಟ್ಟಿ ಇಮೇಜಸ್ ಕಂಪನಿಯ ಮೂಲಕ ಅವು ಜಗತ್ತಿನ ಪತ್ರಿಕೆಗಳಿಗೆ ಹೋದವು.

ಮೊರೆಲ್ ಆಕ್ಷೇಪಿಸಿದಾಗ, ಮೊದಲು ನ್ಯಾಯಾಲಯದ ಮೆಟ್ಟಿಲೇರಿದ್ದು ಅವರಲ್ಲ, ಆ ಸುದ್ದಿಸಂಸ್ಥೆ! ತಾನು ಹಕ್ಕುಸ್ವಾಮ್ಯವನ್ನು ಉಲ್ಲಂಘಿಸಿಲ್ಲವೆಂದು ಘೋಷಿಸಬೇಕೆಂಬುದು ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ಅದರ ಕೋರಿಕೆಯಾಗಿತ್ತು. ಅದರ ವಾದವನ್ನು ಗಮನಿಸಿ: ಟ್ವಿಟರ್‌ಗೆ ಚಿತ್ರ ಹಾಕಿದವರು ಷರತ್ತುಗಳನ್ನು ಒಪ್ಪಿದ್ದಾರೆ, ಆ ಷರತ್ತುಗಳು ಮರುಬಳಕೆಗೆ ಅವಕಾಶ ಕೊಡುತ್ತವೆ, ಆದ್ದರಿಂದ ನಮಗೂ ಪರವಾನಗಿಯಿದೆ. ಅಂದರೆ ಇಡೀ ಮೊಕದ್ದಮೆ ನಾನು ಹೇಳುತ್ತಿರುವ ಆ ಮುಂದಿನ ವಾಕ್ಯದ ಮೇಲೆಯೇ ನಿಂತಿತ್ತು. 2013ರ ಜನವರಿಯಲ್ಲಿ ನ್ಯಾಯಾಧೀಶರು ಆ ವಾದವನ್ನು ತಳ್ಳಿಹಾಕಿದರು. ರೀಟ್ವೀಟ್ ಮಾಡಲು, ಅಂದರೆ ಟ್ವಿಟರ್‌ನೊಳಗೇ ಮರುಹಂಚಲು, ಒಪ್ಪಿಗೆ ಕೊಟ್ಟ ಮಾತ್ರಕ್ಕೆ, ಯಾರು ಬೇಕಾದರೂ ಚಿತ್ರವನ್ನು ಎತ್ತಿಕೊಂಡು ಮಾರಬಹುದೆಂದು ಅರ್ಥವಲ್ಲ. ಅದೇ ವರ್ಷ ನವೆಂಬರಿನಲ್ಲಿ ಜ್ಯೂರಿಯು ಮೊರೆಲ್ ಅವರಿಗೆ ಸುಮಾರು 12 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಮಾನಿಸಿತು.

ಮೊರೆಲ್ ಗೆದ್ದದ್ದು ಸಂತೋಷವೇ. ಆದರೆ ಅವರು ಗೆದ್ದದ್ದು ಷರತ್ತುಗಳಲ್ಲಿ ಪರವಾನಗಿ ಅಷ್ಟು ದೂರ ಚಾಚಿರಲಿಲ್ಲ ಎಂಬ ಕಾರಣಕ್ಕೆ. ಚಾಚಿದ್ದರೆ, ಒಡೆತನದ ಮಾತು ಅವರ ಕೈ ಹಿಡಿಯುತ್ತಿರಲಿಲ್ಲ. ಮುಂದಿನ ವಾಕ್ಯವನ್ನು ಓದಿ ಎಂದು ನಾನು ಪಟ್ಟು ಹಿಡಿಯುವುದು ಇದಕ್ಕಾಗಿಯೇ.

ಉಳಿದ ಸಮಯದಲ್ಲಿ ಇನ್ನೆರಡು ಮಾತು. ಚಿತ್ರವನ್ನು ಅಳಿಸಿದರೆ ಪರವಾನಗಿ ಮುಗಿಯುತ್ತದೆಯೇ ಎಂಬುದನ್ನು ನೋಡಿಕೊಳ್ಳಿ. 2009ರಲ್ಲಿ ಫೇಸ್‌ಬುಕ್, ಅಳಿಸಿದಾಗ ಪರವಾನಗಿ ಕೊನೆಗೊಳ್ಳುವುದೆಂಬ ಸಾಲನ್ನು ತೆಗೆದುಹಾಕಿತ್ತು. ಬಳಕೆದಾರರು ಸಿಡಿದೆದ್ದ ಮೇಲೆ ಹಳೆಯ ಷರತ್ತುಗಳಿಗೇ ಮರಳಿತು. 2012ರ ಡಿಸೆಂಬರಿನಲ್ಲಿ ಇನ್‌ಸ್ಟಾಗ್ರಾಂ, ಬಳಕೆದಾರರ ಫೋಟೊಗಳನ್ನು ಅವರಿಗೆ ಹಣ ಕೊಡದೆ ಜಾಹೀರಾತಿಗೆ ಬಳಸಲು ದಾರಿ ಮಾಡಿಕೊಡುವಂತಹ ಮಾತನ್ನು ಸೇರಿಸಲು ಹೋಗಿ, ಕೆಲವೇ ದಿನಗಳಲ್ಲಿ ಹಿಂದೆಗೆಯಿತು. ಎರಡು ಸಲವೂ ಕಂಪನಿಗಳು ಮಣಿದದ್ದು ಯಾರೋ ಆ ಸಾಲನ್ನು ಓದಿದ್ದರಿಂದ.

ಈಗಿನ ಹೊಸ ಸೇರ್ಪಡೆ ಕೃತಕ ಬುದ್ಧಿಮತ್ತೆಯದು. ಎಕ್ಸ್ ತಾಣದ ಷರತ್ತುಗಳಲ್ಲಿ, 2024ರ ನವೆಂಬರ್ 15ರಿಂದ, ನಿಮ್ಮ ಬರಹ ಮತ್ತು ಚಿತ್ರಗಳನ್ನು ಕೃತಕ ಬುದ್ಧಿಮತ್ತೆಯ ಮಾದರಿಗಳಿಗೆ ತರಬೇತಿ ಕೊಡಲು ಬಳಸಬಹುದೆಂಬ ಮಾತು ಪರವಾನಗಿಯ ಭಾಗದಲ್ಲೇ ಸೇರಿದೆ. ಆದ್ದರಿಂದ "ನಮ್ಮ ಷರತ್ತುಗಳನ್ನು ಪರಿಷ್ಕರಿಸಿದ್ದೇವೆ" ಎಂಬ ಇಮೇಲ್ ಬಂದಾಗ ಅದನ್ನು ಅಳಿಸಿಬಿಡಬೇಡಿ. ಇಡೀ ಪುಟವನ್ನು ಓದಲು ಬೇಸರವಾದರೆ ಓದಬೇಡಿ. ಒಡೆತನ ನಿಮ್ಮದು ಎಂದಿರುವ ಸಾಲನ್ನು ಹುಡುಕಿ, ಅದರ ಮುಂದಿನ ವಾಕ್ಯವನ್ನು ನಿಧಾನವಾಗಿ ಓದಿ, ಆಮೇಲೆ ಒಪ್ಪಿಗೆಯ ಗುಂಡಿ ಒತ್ತಿ.

ನಮಸ್ಕಾರ.