ಗೆರೆ ನೋಡಿ ಹಾಳೆ ಆರಿಸಿ

ಕೇಳುಗರೆಲ್ಲರಿಗೂ ನಮಸ್ಕಾರ.

ನೋಟ್‌ಬುಕ್ ಕೊಳ್ಳುವಾಗ ರಟ್ಟು ನೋಡುತ್ತೇವೆ, ಎಷ್ಟು ಪುಟ ಅಂತ ಕೇಳುತ್ತೇವೆ. ಗೆರೆಯಿಂದ ಗೆರೆಗೆ ಜಾಗ ಎಷ್ಟಿದೆ ಅಂತ ನೋಡುವವರು ಕಡಿಮೆ. ಆದರೆ ಬರೆಯುವ ಕೈಗೆ ಬೇಕಾದದ್ದು ಆ ಜಾಗವೇ.

ಮೊದಲು ನಾಲ್ಕು ಗೆರೆ ಪುಸ್ತಕ. ಅದು ಇಂಗ್ಲಿಷ್ ಅಕ್ಷರ ತಿದ್ದುವುದಕ್ಕೆಂದೇ ಇರುವುದು. ಸಣ್ಣಕ್ಷರದ ಎ, ಸಿ, ಎನ್ ನಡುವಿನ ಎರಡು ಗೆರೆಗಳ ಒಳಗೇ ಕೂರುತ್ತವೆ. ಬಿ, ಎಚ್ ಮೇಲಿನ ಗೆರೆಗೆ ಹತ್ತುತ್ತವೆ. ಜಿ, ವೈ ಬಾಲ ಕೆಳಗಿನ ಗೆರೆಗೆ ಇಳಿಯುತ್ತದೆ. ಫ್ರಾನ್ಸಿನ ಶಾಲೆಗಳ ಹಾಳೆ ಇನ್ನೂ ನಾಜೂಕು. ಸೆಯೆಸ್ ಎಂಬ ಪುಸ್ತಕ ವ್ಯಾಪಾರಿ 1892ರಲ್ಲಿ ತನ್ನ ಹೆಸರಿಗೆ ನೋಂದಾಯಿಸಿಕೊಂಡ ಮಾದರಿ ಅದು. 8 ಮಿಲಿಮೀಟರಿಗೊಂದು ದಪ್ಪ ಗೆರೆ, ನಡುವೆ 2 ಮಿಲಿಮೀಟರಿಗೊಂದು ತೆಳು ಗೆರೆ.

ಕನ್ನಡದ ಲೆಕ್ಕವೇ ಬೇರೆ. 'ಸ್ತ್ರೀ' ಅಂತ ಒಮ್ಮೆ ಬರೆದು ನೋಡಿ. ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಕೆಳಗೆ ಎರಡೆರಡು ಒತ್ತು! ಗೆರೆ ಹತ್ತಿರ ಹತ್ತಿರ ಇದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ. ಆಗ ಕೈ ತಾನಾಗಿಯೇ ಅಕ್ಷರವನ್ನು ಕುಗ್ಗಿಸುತ್ತದೆ. ಅಕ್ಷರ ಚೆನ್ನಾಗಿಲ್ಲ ಅಂತ ಮಗುವನ್ನು ಬೈಯುವ ಮೊದಲು ಹಾಳೆಯನ್ನು ನೋಡಬೇಕು, ಅಲ್ವಾ? ಅಮೆರಿಕದಲ್ಲಿ ಅಗಲ ಗೆರೆ ಅನ್ನುವುದರ ಅಂತರ ಸುಮಾರು 8.7 ಮಿಲಿಮೀಟರ್, ಕಾಲೇಜು ಗೆರೆಯದು 7.1. ಇಂಗ್ಲಿಷಿಗೆ ಕಾಲೇಜು ಗೆರೆ ಸಾಕು, ಒಂದೇ ಪುಟದಲ್ಲಿ ಜಾಸ್ತಿ ಸಾಲು ಹಿಡಿಯುತ್ತದೆ. ಕನ್ನಡಕ್ಕೆ, ಅದರಲ್ಲೂ ಕಲಿಯುವ ಕೈಗೆ, ಅಗಲ ಗೆರೆಯೇ ಸರಿ ಅನ್ನುತ್ತೇನೆ ನಾನು.

ಲೆಕ್ಕಕ್ಕೆ ಚೌಕದ ಹಾಳೆ. ಮನೆಗೊಂದು ಅಂಕಿ ಬರೆದರೆ ಬಿಡಿಯ ಕೆಳಗೆ ಬಿಡಿ, ಹತ್ತರ ಕೆಳಗೆ ಹತ್ತು ನಿಲ್ಲುತ್ತದೆ. ಕೂಡುವಾಗ ದಶಕ ತಪ್ಪುವುದು ಕಡಿಮೆಯಾಗುತ್ತದೆ. ಜಪಾನಿನಲ್ಲಿ ಪ್ರಬಂಧವನ್ನೂ ಚೌಕದಲ್ಲೇ ಬರೆಯುವ ರೂಢಿಯಿದೆ. ಹಾಳೆಗೆ 400 ಮನೆ ಇರುವುದರಿಂದ ಬರಹದ ಉದ್ದ ಎಷ್ಟೆಂದು ಹಾಳೆ ಎಣಿಸಿಯೇ ಹೇಳಬಹುದು.

ಎಡಗಡೆಯ ಮಾರ್ಜಿನ್ ಸುಮ್ನೆ ಬಿಟ್ಟ ಜಾಗವಲ್ಲ. ಪ್ರಶ್ನೆ ಸಂಖ್ಯೆ, ತಿದ್ದುವವರ ಗುರುತು, ಆಮೇಲೆ ಹೊಳೆದ ಮಾತು, ಎಲ್ಲಕ್ಕೂ ಅದೇ ಜಾಗ.

ಪತ್ರಕ್ಕೆ ಮಾತ್ರ ಗೆರೆಯಿಲ್ಲದ ಹಾಳೆ ಚೆಂದ. ಸಾಲು ಸೊಟ್ಟಗಾಗುತ್ತದೆ ಅನ್ನುವವರು ದಪ್ಪ ಕಪ್ಪು ಗೆರೆ ಎಳೆದ ಹಾಳೆಯನ್ನು ಅಡಿಯಲ್ಲಿಟ್ಟು, ಕ್ಲಿಪ್ ಹಾಕಿ ಬರೆಯಿರಿ. ಕಾಗದ ದಪ್ಪಗಿದ್ದು ಗೆರೆ ಕಾಣದಿದ್ದರೆ ಪೆನ್ಸಿಲಿನಲ್ಲಿ ತೆಳ್ಳಗೆ ಗೆರೆ ಎಳೆದುಕೊಳ್ಳಿ. ಶಾಯಿ ಪೂರ್ತಿ ಒಣಗಿದ ಮೇಲೆ ರಬ್ಬರಿನಿಂದ ಅಳಿಸಿ.

ನಮಸ್ಕಾರ.